ಎಲೆಯ ಮುಂದೆ ಕೊನೆಯ ಅಧ್ಯಾಯ

ವಿನೋದಾಳ ಪ್ರಕಾರ ಆ ಕಾದಂಬರಿಯ ದೆವ್ವಕ್ಕೆ ಇದ್ದದ್ದು ಒಂದೇ ದೋಷ. ಅದಕ್ಕೆ ಹಸಿವಿರಲಿಲ್ಲ. ಸತ್ತ ಗಂಡ ಬೆಳದಿಂಗಳಲ್ಲಿ ಕಿಟಕಿಯ ಹತ್ತಿರ ಬರುತ್ತಾನೆ, ಹೆಂಡತಿ ಮಂದಾರಳ ಹೆರಳು ನೇವರಿಸುತ್ತಾನೆ, ಸುರಗಿ ಹೂವಿನ ಪರಿಮಳ ಬಿಟ್ಟು ಮಾಯವಾಗುತ್ತಾನೆ. ಒಂದು ದಿನವಾದರೂ "ತಿನ್ನಲಿಕ್ಕೆ ಎಂಥ ಉಂಟು?" ಎಂದು ಕೇಳುವುದಿಲ್ಲ. ಇವನು ನಮ್ಮ ಕಡೆಯವನಂತೂ ಅಲ್ಲ ಎಂದು ಅವಳು ಮೊದಲ ಅಧ್ಯಾಯದಲ್ಲೇ ತೀರ್ಮಾನಿಸಿದ್ದಳು. ಆದರೂ ಪುಸ್ತಕ ಕೆಳಗಿಡಲು ಮನಸ್ಸು ಬರಬೇಕಲ್ಲ!

ಅದನ್ನು ಕೊಂಡದ್ದು ಮೂಡುಬಿದಿರೆಯ ಬಸ್‌ಸ್ಟ್ಯಾಂಡ್ ಹತ್ತಿರ, ಹಳೆ ಪುಸ್ತಕ ಮಾರುವವನಲ್ಲಿ. ಹೊದಿಕೆಯ ಮೇಲೆ ಬಿಳಿ ಸೀರೆಯ ಹೆಂಗಸು, ಅವಳ ಹಿಂದೆ ಅರ್ಧ ಗಂಡಸು ಅರ್ಧ ಹೊಗೆ. ಫರಂಗಿಪೇಟೆಯ ತಮ್ಮ ಹೋಟೆಲಿನ ಕೌಂಟರಿನಲ್ಲಿ ಕೂತು ಅವಳು ಓದತೊಡಗಿದರೆ ಎದುರು ನಿಂತ ಗಿರಾಕಿ ಕಣ್ಣಿಗೇ ಬೀಳುತ್ತಿರಲಿಲ್ಲ. ಬನ್ಸ್ ತಿಂದವನ ಕೈಗೆ ಬಿರಿಯಾನಿಯ ಬಿಲ್ಲು ಹೋದದ್ದೂ ಉಂಟು.

"ಎಂಥ ಮಾರಾಯ್ತಿ, ದೆವ್ವದ ಕೈಯಲ್ಲಿ ಹೋಟೆಲು ಮುಳುಗಿಸ್ತೀಯಾ?" ಎಂದು ಗಂಡ ಅಣ್ಣು ಗದರುತ್ತಿದ್ದ.

ಕಾದಂಬರಿಯೆಂದರೆ ಅವನಿಗೆ ಅಷ್ಟಕ್ಕಷ್ಟೆ. ಕೆಲಸವಿಲ್ಲದವರು ಬರೆಯುವುದು, ತಲೆಯಿಲ್ಲದವರು ಓದುವುದು ಎನ್ನುವ ಜಾತಿ. ಆದರೆ ಮಧ್ಯಾಹ್ನದ ಊಟದ ಗಲಾಟೆ ಮುಗಿದು ಚಾಪೆಯ ಮೇಲೆ ಅಡ್ಡಾದ ಮೇಲೆ, ಗೋಡೆಯ ಕಡೆಗೆ ಮುಖ ಮಾಡಿಕೊಂಡೇ, "ಮತ್ತೆ ಆ ಹೆಂಗಸು ಏನಾದ್ಲು?" ಎಂದು ಕೇಳುತ್ತಿದ್ದ. ವಿನೋದಾ ಗಟ್ಟಿಯಾಗಿ ಓದಬೇಕು. ಅವನಿಗೆ ನಿದ್ದೆ ಬಂತೆಂದು ನಿಲ್ಲಿಸಿದರೋ, "ಯಾಕೆ ನಿಲ್ಲಿಸಿದ್ದು? ಮುಂದೆ ಓದು" ಎಂದು ಗೊರಕೆಯ ನಡುವಿನಿಂದಲೇ ಅಪ್ಪಣೆಯಾಗುತ್ತಿತ್ತು.

ಹೀಗೆ ಓದಿ ಓದಿ ಕೊನೆಯ ಅಧ್ಯಾಯ ಮಾತ್ರ ಉಳಿದಿತ್ತು. ಮಂದಾರ ಹಳೆಯ ಬಂಗಲೆ ಬಿಟ್ಟು ಬೇರೆ ಊರಿಗೆ ಹೊರಟಿದ್ದಳು. ಅಷ್ಟರಲ್ಲಿ ಅಣ್ಣುವಿನ ಎದೆ ಕೈಕೊಟ್ಟಿತು. ಆಸ್ಪತ್ರೆಯಲ್ಲಿ ಮೂಗಿಗೆ ನಳಿಗೆ ಸಿಕ್ಕಿಸಿಕೊಂಡು ಮಲಗಿದವನು ಆಸ್ತಿಯ ಮಾತಾಡಲಿಲ್ಲ, ಮಗಳು ಪ್ರಾಪ್ತಿಯ ಮಾತಾಡಲಿಲ್ಲ. "ಆ ದೆವ್ವ ಹೊಸ ಮನೆಗೆ ಬರ್ತದಾ?" ಎಂದು ಕೇಳಿದ.

"ನಾಳೆ ಓದಿ ಹೇಳ್ತೇನೆ. ಈಗ ಬಾಯಿ ಮುಚ್ಚಿ ಮಲಗಿ" ಎಂದಳು ವಿನೋದಾ.

ಮರುದಿನ ಬೆಳಗಾಗುವಷ್ಟರಲ್ಲಿ ಅವನಿರಲಿಲ್ಲ.

ಆಮೇಲೆ ಅವಳು ಆ ಪುಸ್ತಕವನ್ನು ಎಷ್ಟು ಸಲ ಓದಿದಳೋ! ಕೊನೆಯ ಅಧ್ಯಾಯದ ಹೊಸ್ತಿಲವರೆಗೆ ಹೋಗುವುದು, ಅಲ್ಲಿಂದ ತಿರುಗಿ ಮೊದಲಿಗೆ ಬರುವುದು. ದೆವ್ವ ಕಿಟಕಿಗೆ ಬಂದಾಗಲೆಲ್ಲ ಮೈ ಜುಮ್ಮೆನ್ನುತ್ತಿತ್ತು, ಮಂದಾರ ಅತ್ತಾಗಲೆಲ್ಲ ತಾನೂ ಮೂಗು ಸೀಟಿಕೊಳ್ಳುತ್ತಿದ್ದಳು. ಅಣ್ಣುವಿಗಾಗಿ ಮಾತ್ರ ಒಂದು ಹನಿ ಕಣ್ಣೀರು ಬರಲಿಲ್ಲ. ನೆಂಟರು ಕಲ್ಲಿನಂಥ ಹೆಂಗಸು ಎಂದರು. ಎನ್ನಲಿ. ಗಂಡನಿಗೆ ಕೊಟ್ಟ ಮಾತೊಂದು ಬಾಕಿಯಿತ್ತು, ಅದು ತೀರದೆ ಅಳುವುದು ಹೇಗೆಂದು ಅವಳಿಗೆ ತಿಳಿಯುತ್ತಿರಲಿಲ್ಲ.

ಅಷ್ಟರಲ್ಲಿ ಆಟಿ ತಿಂಗಳು ಬಂತು, ಸತ್ತವರು ಮನೆಗೆ ಊಟಕ್ಕೆ ಬರುವ ತಿಂಗಳು. ಒಳಕೋಣೆಯಲ್ಲಿ ಬಾಳೆಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಬಾಗಿಲೆಳೆದುಕೊಂಡು ಎಲ್ಲರೂ ಹೊರಗೆ ಕೂರಬೇಕು. ಸ್ವಲ್ಪ ಹೊತ್ತಿನ ಮೇಲೆ ಬಾಗಿಲು ತಟ್ಟಿಯೇ ಒಳಗೆ ಹೋಗಬೇಕು. ಉಂಡವರಿಗೆ ಎದ್ದು ಹೋಗಲು ಸಮಯ ಬೇಡವೇ? ಅಣ್ಣುವಿಗೆ ಇದು ಮೊದಲ ಎಲೆ. ಬಡಿಸುವುದರ ಯಜಮಾನಿಕೆಗೆ ಅವನ ಅಣ್ಣ ಪದ್ಮಯ್ಯ ಬೆಳ್ತಂಗಡಿಯಿಂದ ಬಂದಿದ್ದರು. ಮುಖದಲ್ಲಿ ಹೋಲಿಕೆಯಿಲ್ಲ, ಗಂಟಲು ಮಾತ್ರ ಒಂದೇ. ಫೋನಿನಲ್ಲಿ "ಹಲೋ" ಎಂದರೆ ಗಂಡನೋ ಭಾವನೋ ಎಂದು ವಿನೋದಾಳೇ ಎಷ್ಟೋ ಸಲ ಎಡವಿದ್ದಳು.

"ಎಲ್ಲ ಬಡಿಸಿ ಆಯ್ತಾ?" ಪದ್ಮಯ್ಯ ಕೇಳಿದರು.

"ಆಯ್ತು ಭಾವ. ಕೋರಿ ರೊಟ್ಟಿ, ಪತ್ರೊಡೆ, ಒಣಮೀನಿನ ಚಟ್ನಿ."

"ಬ್ರಾಂಡಿ?"

"ಉಂಟು."

"ನೀರು ಬೆರೆಸಿದ್ದೀಯಾ?"

"ಅವರು ಯಾವತ್ತು ಬೆರೆಸಿದ್ದು?"

ಅದು ಸರಿಯೆಂದು ತಲೆಯಾಡಿಸಿ, "ಹಾಗಾದ್ರೆ ಹೊರಗೆ ಬಾ, ಬಾಗಿಲು ಹಾಕುವ" ಎಂದರು.

"ನಾನು ಒಳಗೇ ಇರ್ತೇನೆ."

"ಎಂಥದು? ಜೀವ ಇದ್ದವರು ಒಳಗಿದ್ದರೆ ಅವನು ಎಲೆ ಮುಟ್ಟುವುದಿಲ್ಲ. ಹಸಿದು ಹೋದರೆ ಆ ಪಾಪ ನಿನಗೇ."

"ನಾನು ಎದುರು ಕೂರದೆ ಅವರಿಗೆ ಒಂದು ತುತ್ತು ಇಳಿಯುತ್ತಿರಲಿಲ್ಲ. ಒಬ್ಬರೇ ಉಣ್ಣಲಿಕ್ಕೆ ಈಗ ಯಾವಾಗ ಕಲಿತದ್ದು?"

ಆಗ ಪದ್ಮಯ್ಯನ ಕಣ್ಣು ಅವಳ ಕಂಕುಳಿನತ್ತ ಹೋಯಿತು. "ಅಯ್ಯೋ ದೇವರೇ, ಅದೇ ದೆವ್ವದ ಪುಸ್ತಕವಾ? ಹಿರಿಯರಿಗೆ ಬಡಿಸುವ ಕೋಣೆಯಲ್ಲಿ ಲವ್ ಸ್ಟೋರಿಯಾ? ನಾಚಿಕೆ ಆಗುವುದಿಲ್ವಾ ನಿನಗೆ?"

"ಅಮ್ಮಾ, ಬಾ, ದೊಡ್ಡಪ್ಪನಿಗೆ ಬಿಪಿ ಉಂಟು" ಎಂದಳು ಪ್ರಾಪ್ತಿ.

ವಿನೋದಾ ಬಾಗಿಲೆಳೆದು ಒಳಗಿನಿಂದ ಚಿಲಕ ಹಾಕಿಯೇಬಿಟ್ಟಳು.

ಎಲೆಯ ಎದುರು ಚಕ್ಕಳಮಕ್ಕಳ ಹಾಕಿ ಕೂತು ಕನ್ನಡಕ ಏರಿಸಿದಳು. "ತಡವಾಯ್ತು, ಬೈಯಬೇಡಿ. ಉಣ್ಣುತ್ತಾ ಕೇಳಿ" ಎಂದು ಕೊನೆಯ ಅಧ್ಯಾಯ ತೆರೆದಳು. ಮಂದಾರ ಹೊಸ ಮನೆಯಲ್ಲಿ ದೀಪ ಹಚ್ಚಿ ಕಾಯುತ್ತಿದ್ದಳು. ಪರದೆ ಹಾರಿತು, ಪರದೆ ನಿಂತಿತು, ಪರದೆ ಮತ್ತೆ ಹಾರಿತು. "ಬರ್ತಾನೋ ಇಲ್ವೋ ಹೇಳಿ ಮುಗಿಸು ಮಾರಾಯ, ನಿನ್ನ ಪರದೆಗೆ ಬೆಂಕಿ ಬೀಳಲಿ" ಎಂದು ಬರೆದವನನ್ನು ಬೈದು ಪುಟ ತಿರುಗಿಸಿದಳು.

ಉತ್ತರ ಆ ಪುಟದಲ್ಲಿತ್ತು. ಸುರಗಿಯ ಪರಿಮಳ ಆ ರಾತ್ರಿ ಬರಲಿಲ್ಲ. ಮತ್ತೆಂದೂ ಬರಲಿಲ್ಲ.

ಗಟ್ಟಿಯಾಗಿ ಓದುತ್ತಿದ್ದ ವಿನೋದಾ ಅಲ್ಲೇ ನಿಲ್ಲಿಸಿದಳು. ಊಟಕ್ಕೆ ಕರೆದು ಕೂರಿಸಿಕೊಂಡವನ ಮುಂದೆ ಇದನ್ನು ಓದುವುದು ಹೇಗೆ? ಎಲೆಯ ಮೇಲೆ ಕೋಳಿ ಸಾರಿನಲ್ಲಿ ನೆನೆದ ರೊಟ್ಟಿ ಹಾಗೇ ಇತ್ತು. ಅವಳಿಗೆ ಭಯವಾಯಿತು, ಅವನು ಹೋದಾಗಿನಿಂದ ಒಮ್ಮೆಯೂ ಆಗದಷ್ಟು ಭಯ.

"ಯಾಕೆ ನಿಲ್ಲಿಸಿದ್ದು? ಮುಂದೆ ಓದು."

ಮೈಯ ರೋಮವೆಲ್ಲ ನಿಮಿರಿತು. ಅದೇ ಗಂಟಲು, ಅದೇ ಗದರಿಕೆ. ಅವಳು ಎಲೆಯನ್ನೇ ನೋಡಿದಳು. ಬಾಗಿಲಿನ ಆಚೆ ಪದ್ಮಯ್ಯ ಕೆಮ್ಮಿದರು.

ಮಾತಾಡಿದ್ದು ಭಾವ ಎಂದು ಗೊತ್ತಾಯಿತು. ಗೊತ್ತಾದರೂ ಕಣ್ಣು ಕೇಳಲಿಲ್ಲ. ವಿನೋದಾ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಮಂದಾರಳಿಗಾಗಿ ಅಲ್ಲ, ತನ್ನ ಅಣ್ಣುವಿಗಾಗಿ, ಸಾಕು ಸಾಕೆನ್ನುವಷ್ಟು ಅತ್ತಳು.

ಹೊರಗೆ ಕುರ್ಚಿ ಬಾಗಿಲಿನ ಹತ್ತಿರಕ್ಕೆ ಸರಿದ ಸದ್ದಾಯಿತು. "ಬರ್ತಾನಾ, ಇಲ್ವಾ? ಅದೊಂದು ಹೇಳು" ಎಂದರು ಪದ್ಮಯ್ಯ. ಈ ಸಲ ಗದರಿಕೆಯಿರಲಿಲ್ಲ.

ವಿನೋದಾ ಪುಸ್ತಕ ಮುಚ್ಚಿದಳು.

"ಬರ್ತಾರೆ ಭಾವ. ಬಂದು ಹೊಟ್ಟೆ ತುಂಬ ಉಂಡು, ಸಾರಿಗೆ ಉಪ್ಪು ಕಮ್ಮಿ ಅಂತ ಬೈದು ಹೋಗ್ತಾರೆ."

ಹೊರಗೆ ಯಾರೋ ಮೂಗು ಸೀಟಿದರು. ಬಾಗಿಲು ತಟ್ಟುವ ಹೊತ್ತು ಮೀರಿತ್ತು, ಪ್ರಾಪ್ತಿ ಅದನ್ನೇ ನೆನಪಿಸುತ್ತಿದ್ದಳು.

"ಇರು, ತಟ್ಟಬೇಡ" ಎಂದಿತು ಆ ಗಂಟಲು. "ಅವನು ನಿಧಾನ ಉಣ್ಣಲಿ. ವಿನೋದಾ, ನೀನು ಮೊದಲಿಂದ ಓದು."