ಒಂದು ಕಣ್ಣು ಬಿಟ್ಟು

ನನ್ನ ಸಿಟ್ಟಿನ ವಿಷಯ ಮೊದಲೇ ಹೇಳಿಬಿಡುತ್ತೇನೆ, ನಾನು ಹೇಳದಿದ್ದರೂ ಟಿಕೋಟಾದಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಚಂದ್ರಕಲಾಳ ಮನೆ ಯಾವುದು ಎಂದು ಕೇಳಿದರೆ ಊರವರು ತಲೆ ಕೆರೆದುಕೊಳ್ಳುತ್ತಾರೆ. 'ಅಮೋಘಿಯ ಸಿಡುಕಿ ಹೆಂಡತಿ' ಅನ್ನಿ, ಬಾಗಿಲತನಕ ತಂದು ಬಿಡುತ್ತಾರೆ. ಆದರೆ ಆ ದಿನ ನನಗೆ ಬರಬೇಕಾದ ಸಿಟ್ಟು ಬರಲಿಲ್ಲ, ಹೆದರಿಕೆ ಬಂತು. ಅಲ್ಲಿಯೇ ಎಡವಟ್ಟಾಯಿತು.

ಏಪ್ರಿಲ್ ಕೊನೆ, ಚುನಾವಣೆಗೆ ಇನ್ನು ಹತ್ತು ದಿನ. ನಮ್ಮವರದು ಒಂದು ಪಕ್ಷ, ಅವರ ಅಣ್ಣನ ಮಗ ರಾಹುಲನದು ಇನ್ನೊಂದು. ಎರಡು ವರ್ಷದಿಂದ ಆ ಮನೆಗೂ ಈ ಮನೆಗೂ ಮಾತಿಲ್ಲ, ಹಬ್ಬದ ಹೋಳಿಗೆಯೂ ಗೋಡೆ ದಾಟಿಲ್ಲ. ಊರೂ ಹಾಗೆಯೇ ಆಗಿತ್ತು. ಒಂದು ಪಕ್ಷದವರ ಕಿರಾಣಿ ಅಂಗಡಿಗೆ ಇನ್ನೊಂದು ಪಕ್ಷದವರು ಕಾಲಿಡುವುದಿಲ್ಲ, ಉಪ್ಪು ತೀರಿದರೆ ವಿಜಯಪುರದಿಂದ ತರಿಸುತ್ತಾರೆ. ಬಾಯಿ ತೆರೆದರೆ ಎಲ್ಲರೂ ದೇಶ, ದೇಶ. ದೇಶ ಒಂದಾಗಬೇಕು ಎಂದು ಮೈಕಿನಲ್ಲಿ ಕೂಗಿದವರೇ ಓಣಿಯಲ್ಲಿ ಎದುರಾದರೆ ಮುಖ ತಿರುಗಿಸಿಕೊಂಡು ಹೋಗುತ್ತಾರೆ. ಇವರ ಬಾಯಿಗೆ ಮಣ್ಣು ಹಾಕ!

ನಮ್ಮವರು ಹಿಂದಿನ ದಿನವೇ ಪ್ರಚಾರಕ್ಕೆಂದು ಬಬಲೇಶ್ವರಕ್ಕೆ ಹೋಗಿದ್ದರು. ಮನೆಯಲ್ಲಿ ನಾನು, ನಮ್ಮ ಅತ್ತೆ ರುದ್ರವ್ವ, ಇಬ್ಬರೇ. ಬೆಳಿಗ್ಗೆ ಆರರ ಹೊತ್ತಿಗೆ ಸುಸಲಾ ಮಾಡಲು ಚುರಮುರಿ ನೆನೆಸಿ ಉಳ್ಳಾಗಡ್ಡಿ ಹೆಚ್ಚುತ್ತಿದ್ದೆ. ಇಬ್ರಾಹಿಂಪುರದ ನಿಜಾಮುದ್ದೀನ ಭಾಯಿ ತಮ್ಮ ಹನ್ನೆರಡು ಮಂದಿಯ ಗ್ಯಾಂಗ್ ಕಟ್ಟಿಕೊಂಡು ಏಳಕ್ಕೆ ನಮ್ಮ ದ್ರಾಕ್ಷಿ ಪಡಕ್ಕೆ ಬರುವವರಿದ್ದರು. ನಾನು ಮದುವೆಯಾಗಿ ಬಂದ ವರ್ಷದಿಂದ, ಅಂದರೆ ಹದಿನೆಂಟು ವರ್ಷದಿಂದ, ನಮ್ಮ ನಾಲ್ಕೆಕರೆ ಪಡದ ಕೆಲಸ ಅವರದೇ. ಭಾಯಿ ನಮ್ಮವರ ಗೆಳೆಯರು, ನನ್ನನ್ನು ವೈನಿ, ಅಂದರೆ ಅತ್ತಿಗೆ, ಎಂದು ಕರೆಯುತ್ತಾರೆ. ನಮ್ಮತ್ತೆಯ ಕಣ್ಣಿನ ಆಪರೇಷನ್ ಆದಾಗ ನಾಲ್ಕು ದಿನ ಆಸ್ಪತ್ರೆಗೆ ಊಟ ಹೊತ್ತವಳು ಅವರ ಮಗಳು ಶಬನಮ.

ಆಗ ಫೋನು ಗುಂಯ್ ಎಂದಿತು. ನಮ್ಮ ಓಣಿಯ ಹೆಂಗಸರ ವಾಟ್ಸಾಪ್ ಗುಂಪು. 'ಟಿಕೋಟಾದವರೇ ಎಚ್ಚರ! ಇವತ್ತೇ ಬರುತ್ತಿದ್ದಾರೆ!' ಎಂದು ಬರೆದಿತ್ತು, ಕೆಳಗೊಂದು ಧ್ವನಿ ಸಂದೇಶ. ಒತ್ತಿದೆ. ಗಂಡಸಿನ ದನಿ, ಮುಸಲ್ಮಾನರ ಮಾತಿನ ಧಾಟಿ.

"ಹನ್ನೆರಡ ಮಂದಿ ಕತ್ತರಿ ತಗೊಂಡ ಬರ್ತೇವಿ. ಒಂದ ಕಣ್ಣ ಬಿಟ್ಟು ಎಲ್ಲಾ ಕಡದ ಒಗೀತೇವಿ. ಸಣ್ಣದು ದೊಡ್ಡದು ಅನ್ನಂಗಿಲ್ಲ, ಒಂದನ್ನೂ ಉಳಸಂಗಿಲ್ಲ. ಮೂರ ದಿನದಾಗ ಟಿಕೋಟಾ ಸಾಫ್."

ನನ್ನ ಎದೆ ಧಸಕ್ಕೆಂದಿತು. ಒಂದು ಕಣ್ಣು ಬಿಟ್ಟು! ಇನ್ನೊಂದನ್ನು ಕಿತ್ತು ಸಾಯಿಸುತ್ತಾರೆಯೇ, ಇವರೇನು ಮನುಷ್ಯರೇ ಎಂದುಕೊಂಡೆ. ಎರಡು ಸಲ ಕೇಳಿದೆ. ಯೋಚನೆ ಎಂಬುದು ನನ್ನ ಹತ್ತಿರ ಸುಳಿಯಲೇ ಇಲ್ಲ. ನಮ್ಮವರ ಫೋನು ಹತ್ತಲಿಲ್ಲ. ಬಬಲೇಶ್ವರದಲ್ಲಿರುವ ತಂಗಿ ಗುರುಬಾಯಿಗೆ ಕಳಿಸಿದೆ. ಎರಡು ವರ್ಷದಿಂದ ಮಾತು ಬಿಟ್ಟಿದ್ದ ರಾಹುಲನಿಗೂ ಕಳಿಸಿದೆ. ಅರೆಗಳಿಗೆಯಲ್ಲಿ ಅವನ ಉತ್ತರ ಬಂತು: 'ಕಾಕು, ಹೊರಗ ಬರಬ್ಯಾಡ್ರಿ. ನಾವು ಅದೇವಿ.' ಅದನ್ನು ಓದಿ ನನ್ನ ಕಣ್ಣಲ್ಲಿ ನೀರೇ ಬಂತು ನೋಡಿ. ಎಂಥ ಮಳ್ಳಿ ನಾನು.

ಬಾಗಿಲಿಗೆ ಅಗಳಿ ಹಾಕಿದೆ. ಎಮ್ಮೆ ಹಿಂಡಿ ಚರಿಗೆ ಹಿಡಿದುಕೊಂಡು ಹಿತ್ತಲಿಂದ ಒಳಗೆ ಬಂದ ಅತ್ತೆ, "ಹಗಲ ಹೊತ್ತಿನಾಗ ಅಗಳಿ ಯಾಕ ಬೇ?" ಎಂದರು. ಫೋನನ್ನೇ ಅವರ ಕಿವಿಗೆ ಹಿಡಿದೆ.

ಅತ್ತೆ ಕೇಳಿದರು. "ಇನ್ನೊಮ್ಮೆ ಹಚ್ಚ" ಎಂದರು. ಹಚ್ಚಿದೆ. ಅವರ ಹುಬ್ಬು ಗಂಟಾಯಿತು.

"ಒಂದ ಕಣ್ಣ ಯಾಕ ಬಿಡ್ತಾನಂತ? ಹೋದ ವರ್ಷ ಒಂದ ಬಿಟ್ಟ, ಬದುವಿನ ಕಡೆ ಬಳ್ಳಿ ಒಣಗಿ ಹೋದ್ವು. ಈ ಸಲ ಎರಡ ಬಿಡ ಅಂತ ಹೇಳ ನಿಜಾಮಗ."

"ಯಾವ ನಿಜಾಮಗ ಅತ್ತಿ?"

"ಎಷ್ಟ ಮಂದಿ ನಿಜಾಮ ಅದಾರ ಬೇ ನಮಗ? ಚಾಟ್ನಿ ಮಾಡೂ ನಿಜಾಮ. ದನಿ ಅವಂದ ಅಲ್ಲೇನು?"

ಕೈಯಲ್ಲಿದ್ದ ಫೋನು ಭಾರವಾಯಿತು. ಚಾಟ್ನಿ ಅಂದರೆ ಹಣ್ಣು ಇಳಿದ ಮೇಲೆ ದ್ರಾಕ್ಷಿ ಬಳ್ಳಿಯನ್ನು ಬೋಳು ಕತ್ತರಿಸುವುದು. ಕಣ್ಣು ಅಂದರೆ ಕಡ್ಡಿಯ ಮೇಲೆ ಚಿಗುರು ಒಡೆಯುವ ಗಂಟು. ಒಂದು ಕಣ್ಣು ಉಳಿಸಿ ಮೇಲಿನದನ್ನೆಲ್ಲ ಕಡಿದು ಒಗೆಯುವುದು ಪ್ರತಿ ಏಪ್ರಿಲ್‌ನಲ್ಲಿ ಟಿಕೋಟಾದ ಪ್ರತಿ ಪಡದಲ್ಲಿ ನಡೆಯುವ ಕೆಲಸ. ನಾನೇ ಸಾವಿರ ಸಲ ಆಡಿದ ಮಾತು ಅದು. ಫೋನಿನಲ್ಲಿ ಹಿಂದಿನ ಸಂಜೆಯ ಸಂದೇಶ ತೆಗೆದು ನೋಡಿದರೆ, ಇದ್ದೇ ಇತ್ತು, ಭಾಯಿ ನನಗೇ ಕಳಿಸಿದ್ದು. ಮೊದಲು ಸಲಾಂ, ಕೊನೆಗೆ ನಾಷ್ಟಾದ ಮಾತು, ನಡುವೆ ಈ ನಾಲ್ಕು ಸಾಲು. ನಿಜಾಮನ ಗ್ಯಾಂಗ್ ಯಾವಾಗ ಬರುತ್ತದೆ ಎಂದು ಊರವರು ತಲೆ ತಿನ್ನುತ್ತಿದ್ದರೆಂದು ನಾನೇ ಅದನ್ನು ದ್ರಾಕ್ಷಿ ಬೆಳೆಗಾರರ ಗುಂಪಿಗೆ ಹಾಕಿದ್ದೆ. ಯಾವ ಪುಣ್ಯಾತ್ಮ ಹಿಂದು ಮುಂದು ಕತ್ತರಿಸಿದನೋ, ಇವತ್ತಿನತನಕ ಗೊತ್ತಾಗಿಲ್ಲ. ಹೋಗಿದ್ದು ಮಾತ್ರ ನನ್ನ ಫೋನಿನಿಂದಲೇ. ತಿರುಗಿ ಬಂದಾಗ ನಾನೇ ಅಗಳಿ ಹಾಕಿಕೊಂಡು ಕೂತಿದ್ದೆ.

ಭಾಯಿಗೆ ಫೋನು ಹಚ್ಚಿದೆ, ಎತ್ತಲಿಲ್ಲ. ಮತ್ತೆ ಹಚ್ಚಿದೆ, ಎತ್ತಲಿಲ್ಲ. ಆರೂವರೆ ದಾಟಿತ್ತು. ಅವರ ಟಂಟಂ ಗಾಡಿ ಅಥಣಿ ರಸ್ತೆ ಹಿಡಿದು ಹೊರಟಾಗಿರಬೇಕು. ರಾಹುಲನೂ ಎತ್ತಲಿಲ್ಲ. ಹೆಂಗಸರ ಗುಂಪಿನಲ್ಲಿ ಆಗಲೇ ಫೋಟೋ ಬಂದಿತ್ತು, ಕ್ರಾಸಿನಲ್ಲಿ ಜನ, ಕೈಯಲ್ಲಿ ಬಡಿಗೆ. ನಾನು ಸೆರಗು ಸಿಕ್ಕಿಸಿ ಸ್ಕೂಟಿ ಹತ್ತಿದೆ. "ಚಪ್ಪಲಿ ಹಾಕ್ಕೊ ಬೇ!" ಎಂದು ಅತ್ತೆ ಹಿಂದಿನಿಂದ ಒದರಿದ್ದು ಕೇಳಿಸಿತು, ನಿಲ್ಲಲಿಲ್ಲ. ಶಬನಮ ಟಂಟಂನಲ್ಲಿ ಯಾವಾಗಲೂ ಮುಂದೆ ಕೂರುತ್ತಾಳೆ. ಮೊದಲ ಕಲ್ಲು ಅವಳಿಗೇ ಬೀಳುತ್ತದೆ ಎಂಬುದೊಂದೇ ನನ್ನ ತಲೆಯಲ್ಲಿ ಕುಣಿಯುತ್ತಿತ್ತು.

ಕ್ರಾಸಿನಲ್ಲಿ ನಲವತ್ತು ಐವತ್ತು ಮಂದಿ ನಿಂತಿದ್ದರು. ಎರಡೂ ಪಕ್ಷದವರು! ಎರಡು ವರ್ಷ ಒಂದೇ ಕಟ್ಟೆಯ ಮೇಲೆ ಕೂರದವರು ಹೆಗಲಿಗೆ ಹೆಗಲು ಹಚ್ಚಿ ನಿಂತಿದ್ದರು, ಒಬ್ಬನ ತಂಬಾಕು ಇನ್ನೊಬ್ಬನ ಅಂಗೈಯಲ್ಲಿತ್ತು. ಊರು ಒಂದಾಗಲಿ ಎಂದು ನಾನು ಹೊತ್ತ ಹರಕೆಗೆ ಲೆಕ್ಕವಿಲ್ಲ. ಆಗಿತ್ತು ಬಿಡಿ, ಕೂಲಿಗೆ ಬರುವ ಹನ್ನೆರಡು ಮಂದಿಯನ್ನು ಬಡಿಯಲು ಒಂದಾಗಿತ್ತು. ಆಗ ನನಗೆ ಸಿಟ್ಟು ಬಂತು. ತಡವಾಗಿ ಬಂತು, ಆದರೆ ಬಂತು.

"ರಾಹುಲ, ಬಡಿಗಿ ಒಗಿ! ಅದು ನಮ್ಮ ನಿಜಾಮ ಭಾಯಿ ದನಿ. ಚಾಟ್ನಿ ಮಾತೋ ಅದು!"

ರಾಹುಲ ನನ್ನನ್ನೇ ದಿಟ್ಟಿಸಿದ. "ಏನ್ ಹೇಳ್ತೀರಿ ಕಾಕು? ಮುಂಜಾನೆ ನೀವ ಕಳಿಸೀರಲ್ಲ ನನಗ!"

ಎಲ್ಲರ ಕಣ್ಣು ನನ್ನ ಮೇಲೆ ಬಿತ್ತು. ಸುಳ್ಳು ಹೇಳಬಹುದಿತ್ತು, ಕೈ ತಪ್ಪಿ ಹೋಯಿತು ಅನ್ನಬಹುದಿತ್ತು.

"ಹೌದು, ನಾನ ಕಳಿಸೇನಿ. ನನ್ನ ಬುದ್ಧಿಗೆ ಬೆಂಕಿ ಹಚ್ಚ. ಕಲ್ಲ ಒಗಿಯೂದಿದ್ರ ಮೊದಲ ನನಗ ಒಗೀರಿ."

ಯಾರೋ ನಕ್ಕರು, ಯಾರೋ ಹೆಂಗಸಿಗೇನು ಗೊತ್ತು ಅಂದರು. ಪಕ್ಕದಲ್ಲಿ ಪ್ರಚಾರದ ಆಟೋ ನಿಂತಿತ್ತು, ಯಾವ ಪಕ್ಷದ್ದೋ ನೋಡಲಿಲ್ಲ. ಒಳಗೆ ಕೈ ಹಾಕಿ ಮೈಕು ಕಿತ್ತುಕೊಂಡು, ಹಿಂದಿನ ಸಂಜೆಯ ಇಡೀ ಸಂದೇಶ ಹಚ್ಚಿ ಫೋನಿಗೆ ಹಿಡಿದೆ. ಮೈಕು ಕಿರ್ರೆಂದು ಕಿವಿ ಹರಿಯುವಂತೆ ಅರಚಿತು, ಆಮೇಲೆ ಇಡೀ ರಸ್ತೆಗೆ ನಿಜಾಮ ಭಾಯಿಯ ದನಿ ಕೇಳಿಸಿತು. "ವೈನಿ, ಸಲಾಂ ರಿ. ನಾಳೆ ಮುಂಜಾನೆ ಏಳಕ್ಕ ಚಾಟ್ನಿಗೆ ಬರ್ತೇವಿ ನೋಡ್ರಿ." ಆಮೇಲೆ ಕತ್ತರಿ, ಕಣ್ಣು, ಸಾಫ್ ಎಲ್ಲ ಬಂತು. ಕೊನೆಗೆ, "ಅಷ್ಟೊತ್ತಿಗೆ ಸುಸಲಾ ಮಾಡಿ ಇಡ್ರಿ, ಖಾರ ಕಮ್ಮಿ ಹಾಕ್ರಿ. ಅತ್ತಿಯವರಿಗೆ ಸಲಾಂ ಹೇಳ್ರಿ."

ಗದ್ದಲ ತಣ್ಣಗಾಯಿತು. ನಾನು ಬಿಡಲಿಲ್ಲ. ನಮ್ಮ ಎದುರು ಪಕ್ಷದ ಹಿರಿಯ ಧೂಳಪ್ಪನವರು ಮುಂದೆಯೇ ನಿಂತಿದ್ದರು. ಹತ್ತೆಕರೆ ದ್ರಾಕ್ಷಿ ಅವರದು.

"ಕಾಕಾ, ಹೋದ ವಾರ ನಿಮ್ಮ ಪಡದಾಗ ಚಾಟ್ನಿ ಆತಲ್ಲ. ಆಳಿಗೆ ಏನಂತ ಒದರಿದ್ರಿ?"

ಧೂಳಪ್ಪ ಟೊಪ್ಪಿಗೆ ತೆಗೆದು ತಲೆ ಸವರಿಕೊಂಡರು. "ಒಂದ ಕಣ್ಣ ಬಿಟ್ಟು ಎಲ್ಲಾ ಕಡೀರಿ ಅಂದೆ."

"ಆವಾಗ ಯಾರರ ಬಡಿಗಿ ತಗೊಂಡ ಬಂದ್ರೇನು?"

ಧೂಳಪ್ಪ ಟೊಪ್ಪಿಗೆ ತಿರುಗಿ ತಲೆಗಿಟ್ಟುಕೊಂಡರು. ಐವತ್ತು ಮಂದಿಯಲ್ಲಿ ನಲವತ್ತು ಮಂದಿ ದ್ರಾಕ್ಷಿ ಬೆಳೆಯುವವರೇ, ಅದೇ ಮಾತನ್ನು ಒದರಿದವರೇ.

ಅಷ್ಟರಲ್ಲಿ ಟಂಟಂ ಬಂತು. ಜನರನ್ನು ನೋಡಿ ದೂರದಲ್ಲೇ ನಿಂತಿತು. ಒಬ್ಬೊಬ್ಬರಾಗಿ ಇಳಿದು ನಮ್ಮ ಕಡೆಗೆ ನಡೆದು ಬಂದರು, ಎಲ್ಲರೂ ಅಂಗೈ ಕಾಣುವ ಹಾಗೆ ಎರಡೂ ಕೈ ಮುಂದೆ ಚಾಚಿಕೊಂಡು. ಶಬನಮಳೂ ಹಾಗೇ ಬಂದಳು.

ನಿಜಾಮ ಭಾಯಿ ಹತ್ತು ಹೆಜ್ಜೆ ದೂರ ನಿಂತರು. "ಕತ್ತರಿ ತಂದಿಲ್ಲ ರಿ. ಎಲ್ಲಾರವೂ ಮನ್ಯಾಗ ಇಡಿಸಿ ಬಂದೇನಿ. ಆ ಮೆಸೇಜ್ ಕೇಳಿ ಬರಬ್ಯಾಡ ಅಂದ್ರು ನಮ್ಮ ಮಂದಿ. ನಾ ಬರದಿದ್ರ ಅದು ಖರೇ ಆಗ್ತಿತ್ತು. ಅದಕ್ಕ ಬರಿಗೈಲೆ ಬಂದೇವಿ, ನೋಡ್ಕೊರಿ."

ಕತ್ತರಿಯಿಲ್ಲದೆ ಕೆಲಸವಿಲ್ಲ, ಅದು ಅವರಿಗೂ ಗೊತ್ತು. ಇಪ್ಪತ್ತು ಕಿಲೋಮೀಟರು ಬಂದದ್ದು ಕೈ ತೋರಿಸಲಿಕ್ಕೆ. ಬಡಿಗೆಗಳು ಒಂದೊಂದಾಗಿ ಬೆನ್ನ ಹಿಂದೆ ಸರಿದವು.

ಕಡೆಗೆ ಧೂಳಪ್ಪ ಮುಂದೆ ಬಂದರು. "ಬರಿಗೈಲೆ ಚಾಟ್ನಿ ಹೆಂಗ ಮಾಡ್ತಿ ಲೇ ನಿಜಾಮ? ಹಲ್ಲಿಲೆ ಕಡೀತಿಯೇನು?" ಬೈಯುವ ಧಾಟಿಯಲ್ಲೇ ಶುರು ಮಾಡಿದರು, ಕೊನೆಗೆ ದನಿ ಒಡೆಯಿತು. ತಿರುಗಿ ಹುಡುಗರಿಗೆ ಒದರಿದರು. "ಏನ್ ನೋಡ್ತೀರಿ ಲೇ? ಮನಿಗೆ ಹೋಗಿ ಕತ್ತರಿ ತಗೊಂಡ ಬರ್ರಿ!"

ಹೋದರು. ಎರಡೂ ಪಕ್ಷದವರೂ ಹೋದರು, ಕೆಲವರು ಹೋದವರು ತಿರುಗಿ ಬರಲಿಲ್ಲ, ಅದನ್ನೂ ಹೇಳಬೇಕು. ಆದರೆ ಬಂದವರು ಬಂದರು. ಅರ್ಧ ತಾಸಿನ ಹಿಂದೆ ಯಾರ ಕೈಯ ಕತ್ತರಿಗೆ ಹೆದರಿ ಬಡಿಗೆ ಹಿಡಿದಿದ್ದರೋ ಅವರ ಕೈಗೇ ತಮ್ಮ ಮನೆಯ ಕತ್ತರಿ ಕೊಟ್ಟರು. ರಾಹುಲ ತನ್ನದನ್ನು ಶಬನಮಳ ಮುಂದೆ ಹಿಡಿದ. ಅವಳು ಹಿಂದೆ ಸರಿದಳು. ಮೊನೆ ಅವಳ ಕಡೆಗಿದೆ ಎಂಬುದು ಆಗ ಆ ದಡ್ಡನಿಗೆ ಹೊಳೆಯಿತು. ತಿರುಗಿಸಿ ಮೊನೆಯನ್ನು ತನ್ನ ಅಂಗೈಯಲ್ಲಿ ಹಿಡಿದುಕೊಂಡು ಹಿಡಿಕೆಯನ್ನು ಅವಳಿಗೆ ಚಾಚಿದ. "ತಗೊ ತಂಗಿ" ಎಂದ. ಅವಳು ತೆಗೆದುಕೊಂಡಳು.

ರಾಹುಲ ನಮ್ಮ ಪಡಕ್ಕೂ ಬಂದ, ಕಡಿದ ಕಡ್ಡಿ ಹೊರೆ ಕಟ್ಟಿದ, ಅತ್ತೆ ಕೊಟ್ಟ ಸುಸಲಾ ತಿಂದ. ಎಲ್ಲ ಸರಿಯಾಯಿತು ಎಂದು ಅತ್ತೆ ಅಂದುಕೊಂಡರು. ನನಗೆ ಸಮಾಧಾನವಿರಲಿಲ್ಲ. ಸಾಲಿನಿಂದ ಸಾಲಿಗೆ ಸುಮ್ಮನೆ ಅಡ್ಡಾಡಿದೆ. ನಿಜಾಮ ಭಾಯಿ ನನ್ನ ಮುಖ ನೋಡದೆ ಕತ್ತರಿಸುತ್ತಿದ್ದರು. ಮಧ್ಯಾಹ್ನ ತಡೆಯಲಾಗದೆ ಅವರ ಎದುರು ಹೋಗಿ ನಿಂತೆ.

"ಭಾಯಿ, ಅದು ನನ್ನ ಫೋನಿಂದ ಹೋತು. ಅದೂ ಹೋಗ್ಲಿ. ತಿರುಗಿ ಬಂದಾಗ ನನಗ ನಿಮ್ಮ ದನಿ ಗುರುತ ಸಿಗಲಿಲ್ಲ. ಹದಿನೆಂಟ ವರ್ಷ ಕೇಳೇನಿ, ಗುರುತ ಸಿಗಲಿಲ್ಲ." ಮುಂದೆ ಅಳು ಬಂತು. ಸಿಡುಕಿ ಹೆಂಗಸು ಅಳುವುದನ್ನು ಕೂಲಿಯವರೆಲ್ಲ ನೋಡಿದರು. ನೋಡಲಿ.

ಅವರು ಕತ್ತರಿ ಮುಚ್ಚಿ ಕಿಸೆಗೆ ಹಾಕಿಕೊಂಡರು.

"ಅಳಬ್ಯಾಡ್ರಿ ವೈನಿ. ನಮ್ಮ ಓಣಿಗೂ ಬಂದಿತ್ತು ಅದು. ಚಹಾ ಕುಡಿಯಾಕತ್ತಿದ್ದೆ, ನಮ್ಮ ಗ್ಯಾಂಗಿನ ಹುಡುಗ ಅರ್ಬಾಜ ಹಚ್ಚಿ ಕೇಳಿಸಿದ. ಕೇಳಿ ನನ್ನ ಮೈ ಉರೀತು. ಯಾಂವಲೇ ಈ ಹಲ್ಕಟ್, ಇಂಥವರಿಂದನ ನಮ್ಮ ಮಂದಿ ಹೆಸರ ಕೆಡತೈತಿ, ಮೊದಲ ಇವನ್ನ ಹಿಡದ ಪೊಲೀಸರಿಗೆ ಕೊಡ್ರಿ ಅಂತ ಬೈದೆ. ಶಬನಮ ನನ್ನ ಮಾರಿ ನೋಡಿದ್ಲು. 'ಅಬ್ಬಾಜಾನ್, ಅದು ನೀನ' ಅಂದ್ಲು."

ನನಗೆ ಅಳುವಿನ ನಡುವೆಯೇ ನಗು ಬಂತು. ಅವರೂ ನಗುತ್ತಾರೆ ಎಂದುಕೊಂಡು ಮುಖ ನೋಡಿದೆ. ಅವರು ನಗುತ್ತಿರಲಿಲ್ಲ.

"ನಂದ ದನಿ ನನಗ ಗುರುತ ಸಿಗಲಿಲ್ಲ ರಿ" ಎಂದರು. ಕಿಸೆಯಿಂದ ಕತ್ತರಿ ತೆಗೆಯುತ್ತ ಕೇಳಿದರು, "ಅಷ್ಟ ಕೆಟ್ಟ ಐತೇನ್ರಿ ಅದು?"

"ಇಲ್ಲ ಭಾಯಿ" ಎಂದೆ. ನನಗೇ ಕೇಳಿಸದಷ್ಟು ಮೆಲ್ಲಗೆ ಬಂತು, ಅದಕ್ಕೆ ಇನ್ನೊಮ್ಮೆ ಗಟ್ಟಿಯಾಗಿ ಎಂದೆ. ಅವರು ನಂಬಿದರೋ ಇಲ್ಲವೋ ಗೊತ್ತಾಗಲಿಲ್ಲ. ತಲೆಯಾಡಿಸಿ, ಮುಂದಿನ ಬಳ್ಳಿಗೆ ಹೋದರು.