ಬಸ್‌ಸ್ಟ್ಯಾಂಡಿನ ಮೇಲಿನ ಮನೆ

ಮೀನು ಮಾರಿಯೇ ತಲೆ ನರೆತ ವನಜ, ಕಿವಿರು ಎತ್ತಿ ನೋಡದೆ ಒಂದು ಬಂಗುಡೆಯನ್ನೂ ಕೊಂಡವಳಲ್ಲ. ಅಂಥವಳ ಮೂಗಿಗೆ ತುಪ್ಪ ಸವರಲು ಪ್ರೇಮಾನಂದ ಬಂದಿದ್ದ. ಕುಂದಾಪುರದ ಬಸ್‌ಸ್ಟ್ಯಾಂಡಿನ ಮೇಲೆ ಮನೆ ಕಟ್ಟುವ ಕಂಪನಿಯ ಏಜೆಂಟ್ ಅವನು. ಒಂದು ಕಟ್ಟಡ ಎದ್ದು ಜನ ಬಂದು ಕೂತಾಗಿತ್ತು. ಎರಡನೆಯದು ಏಳಬೇಕಾದರೆ ವನಜ ಕೂರುವ ಮೀನಿನ ಕಟ್ಟೆ ಒಡೆಯಬೇಕು. ಅವಳು ಸಹಿ ಹಾಕಿ ಜಾಗ ಬಿಟ್ಟರೆ ಮೇಲೊಂದು ಮನೆ, ಕೆಳಗೊಂದು ಅಂಗಡಿ.

“ಕೆಳ್ಗ್ ಬಸ್ಸ್, ಮೇಲ್ ಮನಿ. ಗಂಗೊಳ್ಳಿಯಿಂದ ದಿನಾ ಬುಟ್ಟಿ ಹೊತ್ಕಂಡ್ ಬಪ್ಪುದೇ ಬ್ಯಾಡ, ವನಜಕ್ಕ!”

“ಮೀನ್ ವಾಸ್ನಿಗೆ ಮೇಲಿನವ್ರ್ ಸುಮ್ನ್ ಇರ್ತ್ರಾ?”

“ಯಾರೂ ಎಂತದೂ ಹೇಳುದಿಲ್ಲೆ. ಅಲ್ಲಿಪ್ಪುದೂ ನಮ್ಮ್ ಜನವೇ.”

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದುಕೊಂಡಳು ವನಜ. ಆಸೆ ಇರಲಿಲ್ಲವೆಂದಲ್ಲ, ಸೋರುವ ಬಾಡಿಗೆ ಮನೆ ಅವಳಿಗೆ ಸಾಕುಸಾಕಾಗಿತ್ತು. ಆದರೆ ಕಟ್ಟೆ ಹೋದಮೇಲೆ ಮೇಲಿನವರು ಮೀನೂ ಬೇಡವೆಂದುಬಿಟ್ಟರೆ ಹೊಸ ಮನೆಯ ಗೋಡೆ ನೆಕ್ಕಿ ಬದುಕುವುದೇ?

“ಮನಿ ಕಂಡ್ ಸೈನ್ ಹಾಕ್ತೆ” ಎಂದಳು. ಮರುದಿನ ಹೊರಟಾಗ, ಮಳೆಗಾಲಕ್ಕೆಂದು ಎತ್ತಿಟ್ಟ ಒಣಮೀನನ್ನು ಚೀಲದಲ್ಲಿ ಹಾಕಿಕೊಂಡಳು.

ಮೊದಲ ಕಟ್ಟಡದ ಲಿಫ್ಟಿನಲ್ಲಿ ಪ್ರೇಮಾನಂದ ಮೂಗರಳಿಸಿದ. ಮೂರನೇ ಮಹಡಿಯ ಓಣಿಯಲ್ಲಿ ವನಜ ಚೀಲದ ಬಾಯಿ ಬಿಚ್ಚಿಟ್ಟು ಖಾಲಿ ಮನೆಯೊಂದರೊಳಗೆ ಹೋದಳು. ಅವನು ಅಡುಗೆಮನೆಯ ಕಲ್ಲನ್ನು ಹೊಗಳುತ್ತಿದ್ದರೆ ಅವಳ ಕಿವಿ ಹೊರಗಿತ್ತು.

ಪಕ್ಕದ ಬಾಗಿಲು ದಡಾರನೆ ತೆರೆಯಿತು. “ಯಾರ್ ಅದ್ ಒಣಮೀನ್ ತಂದದ್? ವಾಚ್‌ಮನ್ನಿಗೆ ಹೇಳ್ತೆ ಕಾಣಿ!”

ವನಜ ಹೊರಗೆ ಬಂದಳು. ಬೈಯುತ್ತಿದ್ದವಳು ಜಲಜ! ಅದೇ ಕಟ್ಟೆಯಲ್ಲಿ ಅವಳ ಮಗ್ಗುಲಲ್ಲೇ ಕೂತು ಮೀನು ಕೊಯ್ಯುತ್ತಿದ್ದವಳು, ಜಾಗ ಬಿಟ್ಟು ಇಲ್ಲಿಗೆ ಬಂದಮೇಲೆ ಕಟ್ಟೆಯ ಕಡೆ ತಲೆ ಹಾಕಿರಲಿಲ್ಲ.

“ನಿಂಗೂ ವಾಸ್ನಿಯಾ ಜಲಜ? ನಿಂಗ್ ಕೊಟ್ಟ ಅಂಗ್ಡಿ ಎಂತ ಆಯ್ತ್?”

ಜಲಜ ತಲೆ ತಗ್ಗಿಸಿದಳು. “ಇತ್ತ್. ಅಲ್ಲೇ ಮಲ್ಲಿಗಿ ಹೂಂಗ್ ಮಾರ್ತೆ. ಮೀನ್ ಮಾರುಕೆ ಬಿಡುದಿಲ್ಲೆ.”

ವನಜ ಪ್ರೇಮಾನಂದನ ಕಡೆ ತಿರುಗಿದಳು. “ನನ್ನ್ ಕಟ್ಟಿ ಮುಟ್ಟುಕಾಗ. ಹೋಯ್ ಹೇಳ್ ನಿಮ್ಮವ್ರಿಗ್.”

ಅವನು ಫೋನ್ ಕಿವಿಗಿಟ್ಟು ಲಿಫ್ಟಿನತ್ತ ಸರಿದ. ಅವನು ಮರೆಯಾಗುವುದನ್ನೇ ಕಾಯುತ್ತಿದ್ದ ಜಲಜ ವನಜಳ ಸೆರಗು ಹಿಡಿದಳು.

“ಎರ್ಡ್ ಮೀನ್ ಕೊಡಿ ಅಕ್ಕ. ಸುಡುಕೆ ಆತಿಲ್ಲೆ. ಹಾಂಗೇ ತಿಂತೆ.”