ಮುಂದಿನ ಪಂಕ್ತಿಗೆ ಉಪ್ಪು

ಶಂಕರಪುರದ ಮಹಾನಂದಳ ಅತ್ತೆ ಗುರುಬಸಮ್ಮನವರಿಗೆ ಕಣ್ಣು ಮಂಜಾದ ಮೇಲೂ ಬೆಳಗಿನ ವಚನ ತಪ್ಪಿರಲಿಲ್ಲ. ಪೂಜೆ ಮುಗಿಸಿ ಫೋನಿನಲ್ಲಿ ದಪ್ಪ ಗುಂಡಿ ಒತ್ತಿದರೆ ವಚನಗಳ ಆ್ಯಪು ಓದಿ ಹೇಳುತ್ತಿತ್ತು. ಯಾರ ದಾರಿಯನ್ನೂ ಕಾಯಬೇಕಿಲ್ಲ ಎಂಬುದೇ ಅವರಿಗೆ ದೊಡ್ಡ ಸಮಾಧಾನ. ಆದರೆ ಆ್ಯಪು ಅಪ್‌ಡೇಟ್ ಆದದ್ದೇ ತಡ, ಗುಂಡಿ ಕಾಣೆಯಾಯಿತು. ಅವರು ಬೆರಳಾಡಿಸಿ ಆಡಿಸಿ, ಕೊನೆಗೆ ಫೋನನ್ನು ಸುಮ್ಮನೆ ಪಕ್ಕಕ್ಕೆ ಸರಿಸಿಬಿಟ್ಟರು.

ಒಗ್ಗರಣೆ ಹಾಕುತ್ತಿದ್ದ ಮಹಾನಂದ ಇದನ್ನು ಕಂಡು ನೊಂದುಕೊಂಡಳು. ಆದರೂ ಅಲ್ಲಿಗೆ ಬಂದಿದ್ದ ಎದುರುಮನೆಯ ವಿಶಾಖಾ, ಆ್ಯಪು ಮಾಡಿದವರಿಗೆ ತಿಳಿಸು ಎಂದಾಗ ಒಪ್ಪಲಿಲ್ಲ.

“ಪುಕ್ಕಟೆ ಕೊಟ್ಟಿದಾರೆ ಕಣೇ. ಮಠದ ದಾಸೋಹದಲ್ಲಿ ಕೂತು ಸಾರಿಗೆ ಉಪ್ಪಿಲ್ಲ ಅಂತೀವಾ?”

ವಿಶಾಖಾ ಬಿಡಿಸಿ ಹೇಳಿದಳು. ಇದು ಓಪನ್ ಸೋರ್ಸ್ ಆ್ಯಪು. ಇದರ ಕೋಡನ್ನು ಯಾರು ಬೇಕಾದರೂ ನೋಡಬಹುದು, ತಿದ್ದಬಹುದು. ಇದನ್ನು ಬರೆದವರು ಸ್ವಯಂಸೇವಕರು. ಅವರ ಕಣ್ಣು ಚೆನ್ನಾಗಿದೆ, ಅತ್ತೆಯವರ ಫೋನಿನಲ್ಲಿರುವಂತೆ ಅಕ್ಷರ ಇಷ್ಟು ದೊಡ್ಡದು ಮಾಡಿ ನೋಡಿರಲಿಕ್ಕಿಲ್ಲ. ಬಳಸುವವರು ಹೇಳದಿದ್ದರೆ ಅವರಿಗೆ ತಿಳಿಯುವುದಾದರೂ ಹೇಗೆ?

ಮಹಾನಂದ ಇನ್ನೂ ಅನುಮಾನಿಸುತ್ತಿದ್ದಾಗ ನಡುಮನೆಯಿಂದ ಗುರುಬಸಮ್ಮನವರ ದನಿ ಬಂತು.

“ದಾಸೋಹಕ್ಕೆ ನಾನೂ ಸಾರು ಮಾಡಿದೀನಿ ಕಣಮ್ಮ. ಎಲ್ಲರ ಊಟ ಆಗೋವರೆಗೂ ನಾವು ಬಾಯಿಗೆ ಹಾಕ್ಕೋತಿರಲಿಲ್ಲ. ಮೊದಲ್ನೇ ಪಂಕ್ತಿಯವರು ಯಾರಾದ್ರೂ ಮೆಲ್ಲಗೆ ಬಂದು ಉಪ್ಪು ಸಾಲದು ಅಂದ್ರೆ ಕೈ ಮುಗೀಬೇಕು ಅನ್ಸೋದು. ಮುಂದಿನ ಪಂಕ್ತಿಗೆ ರುಚಿಯಾಗಿ ಬಡಿಸಬಹುದಿತ್ತಲ್ಲ.”

ಮಹಾನಂದ ಒಲೆ ಆರಿಸಿ ಬಂದಳು. ಆ್ಯಪಿನವರ ದೂರು ಪುಟದಲ್ಲಿ ‘ಕೆಟ್ಟಿದೆ, ಸರಿಮಾಡಿ’ ಎಂದು ಬರೆದಳು. ವಿಶಾಖಾಗೆ ನಗು ಬಂತು.

“ಊಟ ಚೆನ್ನಾಗಿಲ್ಲ ಅಂದ್ಬಿಟ್ರೆ ಅವರು ಏನು ಹಾಕ್ಬೇಕೇ ತಾಯಿ, ಉಪ್ಪೋ ಹುಳಿಯೋ?”

ಬೇರೆ ಯಾರೂ ಆಗಲೇ ಹೇಳಿಲ್ಲವೆಂದು ನೋಡಿಕೊಂಡು, ಇಬ್ಬರೂ ಕನ್ನಡದಲ್ಲೇ ಮತ್ತೆ ಬರೆದರು. ಫೋನು ಯಾವುದು, ಅಪ್‌ಡೇಟ್ ಯಾವುದು, ಅಕ್ಷರ ಎಷ್ಟು ದೊಡ್ಡದಾದಾಗ ಗುಂಡಿ ಪರದೆಯಾಚೆ ಜಾರುತ್ತದೆ, ಬಳಸುವ ಅತ್ತೆಯವರ ಕಣ್ಣು ಎಷ್ಟು ಮಂಜು, ಎಲ್ಲವನ್ನೂ ತಿಳಿಸಿ ಸ್ಕ್ರೀನ್‌ಶಾಟ್ ಸೇರಿಸಿದರು.

ವಾರದೊಳಗೆ ಯೋಗಾನಂದ ಎಂಬ ಸ್ವಯಂಸೇವಕನ ಉತ್ತರ ಬಂತು. ತಿದ್ದಿದ್ದೇನೆ, ಅಮ್ಮನವರೇ ಪರೀಕ್ಷಿಸಲಿ ಎಂದಿದ್ದ. ಗುಂಡಿ ಬಂದಿತ್ತು, ಆದರೆ ಅರ್ಧವೇ. ಅದನ್ನೂ ತಿಳಿಸಿದರು. ಅವನು ಮತ್ತೆ ತಿದ್ದಿದ.

ಒಂದು ಬೆಳಿಗ್ಗೆ ಅಕ್ಕಿ ತೊಳೆಯುತ್ತಿದ್ದ ಮಹಾನಂದಳಿಗೆ ವಚನ ಕೇಳಿಸಿತು. ಇಣುಕಿದರೆ, ಗುರುಬಸಮ್ಮನವರು ಕಣ್ಣು ಮುಚ್ಚಿ ತಲೆದೂಗುತ್ತಿದ್ದರು.

“ಆ ಹುಡುಗನಿಗೆ ಬರಿಯಮ್ಮ,” ಎಂದರು, “ಉಪ್ಪು ಸರಿಯಾಗಿದೆ ಅಂತ.”

ನೀವೂ ಇಂಥ ಆ್ಯಪು ಬಳಸುತ್ತಿದ್ದೀರಾ? ತೊಂದರೆ ಕಂಡರೆ ಅಳಿಸಿಹಾಕಿ ಸುಮ್ಮನಾಗಬೇಡಿ. ಕೋಡ್ ಬರೆಯಲು ಬಾರದಿದ್ದರೂ ಪರವಾಗಿಲ್ಲ. ಏನು ಮಾಡಿದಾಗ ಏನಾಯಿತೆಂದು ಬಿಡಿಸಿ ಬರೆಯಿರಿ, ತಿದ್ದಿದ ಮೇಲೆ ನೋಡಿ ಹೇಳಿ. ನಿಮ್ಮ ಹಿಂದೆ ಇನ್ನೊಂದು ಪಂಕ್ತಿ ಊಟಕ್ಕೆ ಕಾದಿದೆ.